ಹೊಸ ಅಡುಗೆಮನೆಯೂ ವಾರಂಟಿ ಚೀಟಿಯೂ

ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿಯುವ ಕೋಣೆ ಅಡುಗೆಮನೆ. ಬೆಂಕಿ, ನೀರು, ಎಣ್ಣೆ, ಹೊಗೆ, ಭಾರ ಇವೈದೂ ದಿನಕ್ಕೆ ಎರಡು ಹೊತ್ತು ಒಂದೇ ಕಡೆ ಕೂಡುವ ಜಾಗ ಬೇರೊಂದಿಲ್ಲ. ಆದುದರಿಂದ ಹೊಸ ಮನೆಯಲ್ಲಿ ಮೊದಲು ಕೆಡತೊಡಗುವುದೂ ಅಲ್ಲಿಯೇ. ಸಿಂಕಿನ ಕೆಳಗಿನ ಹಲಗೆ ಉಬ್ಬುತ್ತದೆ, ಟ್ರಾಲಿ ಬಿಗಿಯುತ್ತದೆ, ಮಿಕ್ಸರು ಮುಗ್ಗರಿಸುತ್ತದೆ, ಗೋಡೆಯೊಳಗಿನ ಕೊಳವೆ ಒಸರುತ್ತದೆ.

ಬಿಬವೇವಾಡಿ, ಧನಕವಡಿ, ಕಾತ್ರಜ, ಕೊಂಢವಾ ಕಡೆಗಳಲ್ಲಿ ಸಂಸಾರ ಹೂಡಿರುವ ನಮ್ಮವರಲ್ಲಿ ಕೆಲವರು ಸಾಲ ಮಾಡಿ ಫ್ಲ್ಯಾಟು ಕೊಂಡು, ಈ ಊರಿನವರು ‘ಓಟಾ’ ಎನ್ನುವ ಅಡುಗೆಕಟ್ಟೆಯ ಕೆಳಗೆ ಟ್ರಾಲಿ ಮಾಡಿಸುತ್ತಾರೆ. ಇನ್ನು ಕೆಲವರು ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಒಲೆ, ಕುಕ್ಕರು, ಮಿಕ್ಸರು ಇಷ್ಟರಿಂದಲೇ ಹೊಸ ಅಡುಗೆಮನೆ ಕಟ್ಟುತ್ತಾರೆ. ಒಬ್ಬರಿಗೆ ಲಕ್ಷದ ಖರ್ಚು, ಒಬ್ಬರಿಗೆ ಹತ್ತು ಸಾವಿರದ್ದು. ಆದರೆ ಇಬ್ಬರದೂ ತಿಂಗಳುಗಟ್ಟಲೆ ಹೊಟ್ಟೆ ಕಟ್ಟಿ ಉಳಿಸಿದ ಹಣ. ಇಬ್ಬರಿಗೂ ಅಂಗಡಿಯಲ್ಲಿ ಸಿಗುವ ಮಾತೂ ಒಂದೇ: “ಗ್ಯಾರಂಟಿ ಇದೆ, ಚಿಂತೆ ಬೇಡ.”

ಯಾರ ಗ್ಯಾರಂಟಿ, ಯಾವುದಕ್ಕೆ, ಎಷ್ಟು ದಿನ, ಯಾವ ಷರತ್ತಿನ ಮೇಲೆ? ಈ ನಾಲ್ಕು ಪ್ರಶ್ನೆಗಳನ್ನು ಹಣ ಎಣಿಸಿ ಕೊಡುವ ಮೊದಲೇ ಕೇಳತಕ್ಕದ್ದು. ಕೆಟ್ಟ ಮೇಲೆ ಕೇಳುವುದು ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ.

ಮಾತಿನ ಅರ್ಥ

ಗ್ಯಾರಂಟಿ ಎಂದರೆ ಬದಲಿ ವಸ್ತು ಕೊಡುವುದು, ವಾರಂಟಿ ಎಂದರೆ ದುರಸ್ತಿ ಮಾತ್ರ ಮಾಡಿಕೊಡುವುದು ಎಂಬ ತಿಳಿವಳಿಕೆ ಪೇಟೆಯಲ್ಲಿ ಬಳಕೆಯಲ್ಲಿದೆ. ಇದನ್ನು ಪೂರ್ತಿ ನಂಬಲಾಗದು. ಚೀಟಿಯ ಮೇಲೆ ಯಾವ ಪದವಿದೆ ಎಂಬುದಕ್ಕಿಂತ ಅದರ ಕೆಳಗೆ ಏನು ಮಾಡಿಕೊಡುವುದಾಗಿ ಬರೆದಿದೆ ಎಂಬುದೇ ಮುಖ್ಯ. ದುರಸ್ತಿಯೋ, ಬದಲಿಯೋ, ಹಣ ವಾಪಸೋ ಎಂಬುದನ್ನು ಓದಿ ತಿಳಿಯಬೇಕು.

ಚೀಟಿಯಲ್ಲಿ ಬರೆಯದಿದ್ದರೂ ಕಾನೂನು ತಾನಾಗಿ ಕೊಡುವ ರಕ್ಷಣೆಯೂ ಒಂದಿದೆ. 1930ರ ಸರಕು ಮಾರಾಟ ಕಾಯ್ದೆಯ 16ನೆಯ ಕಲಮಿನಂತೆ, ಕೊಳ್ಳುವವನು ತನಗೆ ಯಾವ ಉಪಯೋಗಕ್ಕೆ ವಸ್ತು ಬೇಕೆಂದು ತಿಳಿಸಿ, ಆ ವ್ಯಾಪಾರ ಮಾಡುವವನ ತಿಳಿವಳಿಕೆಯನ್ನು ನಂಬಿ ಕೊಂಡರೆ, ಆ ವಸ್ತು ಆ ಉಪಯೋಗಕ್ಕೆ ತಕ್ಕದ್ದಾಗಿರಲೇಬೇಕು. “ಸಿಂಕಿನ ಕೆಳಗೆ ಹಾಕಲು ಪ್ಲೈವುಡ್ ಬೇಕು, ನೀರು ತಗಲುತ್ತದೆ” ಎಂದು ಹೇಳಿ ಕೊಂಡವನ ಕೈ ಬಲವಾಗಿರುತ್ತದೆ. ಉಪಯೋಗ ಹೇಳದೆ “ಇಂಥ ಕಂಪನಿಯ ಇಂಥ ಹೆಸರಿನದೇ ಕೊಡಿ” ಎಂದು ಕೇಳಿ ಕೊಂಡವನಿಗೆ ಈ ಬಲ ಇರುವುದಿಲ್ಲ. ಆದಕಾರಣ ಹೆಸರು ಹೇಳಿ ಕೊಳ್ಳುವುದಕ್ಕಿಂತ ಉಪಯೋಗ ಹೇಳಿ ಕೊಳ್ಳುವುದು ಲೇಸು. ಆ ಉಪಯೋಗವನ್ನು ಬಿಲ್ಲಿನ ಮೂಲೆಯಲ್ಲಿ ಒಂದು ಸಾಲು ಬರೆಸಿಕೊಂಡರೆ ಇನ್ನೂ ಲೇಸು. ಆದರೆ ಈ ರಕ್ಷಣೆಯನ್ನು ಬರವಣಿಗೆಯ ಕರಾರಿನಲ್ಲಿ ಬಿಟ್ಟುಕೊಡಲಿಕ್ಕೂ ಬರುತ್ತದೆ. ಅದಕ್ಕೇ ಓದದೆ ಸಹಿ ಹಾಕಬಾರದು.

ಒಂದು ಅಡುಗೆಮನೆ, ನಾಲ್ಕು ಕೈ

ಹೊಸ ಅಡುಗೆಮನೆಗೆಲ್ಲ ಸೇರಿ ಒಂದು ವಾರಂಟಿ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಅದು ನಾಲ್ಕು ಕೈಗಳ ಕೆಲಸ. ಒಂದೊಂದು ಕೈಗೂ ಬೇರೆ ಬೇರೆ ಹೊಣೆ. ಯಾವ ಬಾಗಿಲು ತಟ್ಟಬೇಕೆಂದು ತಿಳಿಯದವರು ನಾಲ್ಕೂ ಬಾಗಿಲಿಗೆ ಅಲೆದು ಸುಮ್ಮನಾಗುತ್ತಾರೆ.

ಮೊದಲನೆಯ ಕೈ ಬಿಲ್ಡರನದು. ಗೋಡೆ, ನೆಲ, ಕಟ್ಟೆಯ ಕಲ್ಲು, ಗೋಡೆಯೊಳಗಿನ ನೀರಿನ ಕೊಳವೆ, ವಿದ್ಯುತ್ತಿನ ತಂತಿ ಇವು ಆತನ ಕೆಲಸ. 2016ರ ಸ್ಥಿರಾಸ್ತಿ ಕಾಯ್ದೆಯ (ಜನ ಇದನ್ನು ‘ರೇರಾ’ ಎನ್ನುತ್ತಾರೆ) 14ನೆಯ ಕಲಮಿನಂತೆ, ಫ್ಲ್ಯಾಟಿನ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದಲ್ಲಾಗಲಿ ಕೆಲಸದ ಗುಣದಲ್ಲಾಗಲಿ ದೋಷ ಕಂಡು ತಿಳಿಸಿದರೆ, ಬಿಲ್ಡರನು 30 ದಿನದೊಳಗೆ ಹಣ ಕೇಳದೆ ಸರಿಪಡಿಸಿಕೊಡಬೇಕು. ಇಲ್ಲವಾದರೆ ಪರಿಹಾರ ಕೊಡಬೇಕು. ಮಹಾರಾಷ್ಟ್ರದಲ್ಲಿ ಇದರ ದೂರುಗಳನ್ನು ‘ಮಹಾರೇರಾ’ ಪ್ರಾಧಿಕಾರ ವಿಚಾರಿಸುತ್ತದೆ. “ಒಂದು ವರ್ಷ ಆಯಿತು, ಈಗ ನಮಗೆ ಸಂಬಂಧವಿಲ್ಲ” ಎಂದು ಹೇಳಿಸಿಕೊಂಡು ಹಿಂದಿರುಗುವವರು ಈ ಐದು ವರ್ಷದ ಲೆಕ್ಕವನ್ನು ನೆನಪಿಡಬೇಕು. ಆದರೆ ಕೊಂಡವರೇ ಗೋಡೆ ಒಡೆದು ಕೊಳವೆ ಸರಿಸಿದ್ದರೆ, ಕಟ್ಟೆ ಕಿತ್ತು ಹೊಸದು ಹಾಕಿದ್ದರೆ, ಆ ಭಾಗದ ಹೊಣೆ ತನ್ನದಲ್ಲವೆಂದು ಬಿಲ್ಡರನು ವಾದಿಸುವುದು ಖಂಡಿತ. ಒಡೆಯುವ ಮೊದಲು ಇದ್ದ ಸ್ಥಿತಿಯ ಫೋಟೋ ತೆಗೆದಿಡಬೇಕು.

ಎರಡನೆಯ ಕೈ ಬಡಿಗನದು, ಇಲ್ಲವೆ ಟ್ರಾಲಿ ಮಾಡಿಕೊಡುವ ಕಂಪನಿಯದು. ಇಲ್ಲಿ ಅಚ್ಚು ಹಾಕಿದ ಚೀಟಿ ಇರುವುದೇ ಕಡಿಮೆ. ಬಾಯಿಮಾತಿನ ಒಪ್ಪಂದ, ಮುಂಗಡ ಹಣ, ಮುಗಿಯಿತು. ಹಣವೆಲ್ಲ ಮೊದಲೇ ಕೊಟ್ಟರೆ ಗತಿ ಏನೆಂದು ನಮ್ಮ ಗಾದೆಯೇ ಹೇಳಿದೆ: ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಆದುದರಿಂದ ಕೆಲಸ ನಡೆದಂತೆ ಕಂತು ಕಂತಾಗಿ ಕೊಟ್ಟು, ಹತ್ತರಲ್ಲೊಂದು ಪಾಲನ್ನಾದರೂ ಕೆಲಸ ಮುಗಿದು ಬಾಗಿಲು, ಟ್ರಾಲಿಗಳನ್ನು ಹದಿನೈದು ದಿನ ಬಳಸಿ ನೋಡಿದ ಮೇಲೆ ಕೊಡುವುದಾಗಿ ಮೊದಲೇ ಒಪ್ಪಿಸಿಕೊಳ್ಳುವುದು ಜಾಣತನ.

ಮೂರನೆಯ ಕೈ ಸಾಮಾನಿನ ಕಂಪನಿಗಳದು. ಪ್ಲೈವುಡ್, ಬಿಜಾಗರಿ, ಟ್ರಾಲಿಯ ಹಳಿ, ನಲ್ಲಿ, ಸಿಂಕು ಇವಕ್ಕೆ ಅವುಗಳ ತಯಾರಕರು ಬೇರೆ ಬೇರೆ ವಾರಂಟಿ ಕೊಡುತ್ತಾರೆ. ಸಾಮಾನನ್ನು ಬಡಿಗನೇ ತಂದಾಗ ಬಿಲ್ಲು ಅವನ ಜೇಬಿನಲ್ಲೇ ಉಳಿಯುತ್ತದೆ. ವಾರಂಟಿಯೂ ಅದರ ಜೊತೆಗೇ ಹೋಗುತ್ತದೆ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಿಂದ ತಂದರೂ ಸರಿಯೆ, ಬೇರೆಲ್ಲಿಂದ ತಂದರೂ ಸರಿಯೆ, ಮೂಲ ಬಿಲ್ಲನ್ನು ತಮ್ಮ ಹೆಸರಿನಲ್ಲಿ ಮಾಡಿಸಿ ಇಸಿದುಕೊಳ್ಳಬೇಕು.

ನಾಲ್ಕನೆಯ ಕೈ ಯಂತ್ರಗಳ ಕಂಪನಿಗಳದು. ಮಿಕ್ಸರು, ಚಿಮಣಿ, ಫ್ರಿಜ್ಜು, ನೀರು ಶುದ್ಧಿಯ ಯಂತ್ರ ಇವಕ್ಕೆ ಅಚ್ಚಾದ ವಾರಂಟಿ ಚೀಟಿ ಸಿಗುತ್ತದೆ. ಅದನ್ನು ಓದುವ ಬಗೆಯನ್ನು ಮುಂದೆ ಹೇಳಿದೆ.

ಪ್ಲೈವುಡ್ಡಿನ ಗುರುತು

ಅಡುಗೆಮನೆಯ ಜಗಳಗಳಲ್ಲಿ ಬಹಳಷ್ಟು ಹಲಗೆ ಉಬ್ಬಿದ್ದರಿಂದ ಹುಟ್ಟುತ್ತವೆ. ಭಾರತೀಯ ಮಾನಕ ಬ್ಯೂರೋ ಪ್ಲೈವುಡ್ಡಿಗೆ ಬೇರೆ ಬೇರೆ ಮಾನದಂಡ ಗೊತ್ತುಪಡಿಸಿದೆ. ಸಾಮಾನ್ಯ ಬಳಕೆಯದು ಐ.ಎಸ್. 303. ಅದರಲ್ಲಿ ‘ಎಂ.ಆರ್.’ ಎಂದು ಅಚ್ಚಿರುವುದು ಗಾಳಿಯ ತೇವವನ್ನಷ್ಟೇ ತಾಳಬಲ್ಲದು. ಅದು ಕಪಾಟಿಗೆ, ಮಂಚಕ್ಕೆ ಸರಿ. ನೀರಿನಲ್ಲಿ ಹೆಚ್ಚು ಹೊತ್ತು ತಾಳುವ ಮರೈನ್ ಪ್ಲೈವುಡ್ಡು ಐ.ಎಸ್. 710, ಅದರ ಅಂಟನ್ನು 72 ತಾಸು ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುತ್ತಾರೆ. ಸಿಂಕಿನ ಕೆಳಗೆ ಎಂ.ಆರ್. ಹಲಗೆ ಹಾಕಿ ಮೇಲೆ ಮೈಕಾ ಅಂಟಿಸಿದರೆ ನೋಡಿದವರಿಗೆ ವ್ಯತ್ಯಾಸ ತಿಳಿಯದು; ಒಂದು ಮಳೆಗಾಲ ಕಳೆದ ಮೇಲೆ ತಿಳಿಯುತ್ತದೆ. ಆದಕಾರಣ ಮೈಕಾ ಅಂಟಿಸುವ ಮೊದಲೇ ಹಲಗೆಯ ಮೇಲಿನ ಮುದ್ರೆಯನ್ನು ನೋಡಿ, ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಐ.ಎಸ್.ಐ. ಗುರುತಿನ ಜೊತೆಗಿರುವ ಪರವಾನಗಿ ಸಂಖ್ಯೆ ನಿಜವೋ ಅಲ್ಲವೋ ಎಂಬುದನ್ನು ಬ್ಯೂರೋದ ‘ಬಿ.ಐ.ಎಸ್. ಕೇರ್’ ಎಂಬ ಆ್ಯಪಿನಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು.

ಕುಕ್ಕರಿಗಂತೂ ಈ ಗುರುತು ಇರಲೇಬೇಕೆಂದು ಸರಕಾರದ ಆದೇಶವಿದೆ. ಗುರುತಿಲ್ಲದ ಕುಕ್ಕರುಗಳನ್ನು ಮಾರಿದ ಕೆಲವು ದೊಡ್ಡ ಆನ್‌ಲೈನ್ ತಾಣಗಳು ಕೊಂಡವರಿಗೆ ಹಣ ಹಿಂದಿರುಗಿಸಬೇಕೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ಆದೇಶ ಹೊರಡಿಸಿತು. ಕುಕ್ಕರಿನ ವಿಷಯದಲ್ಲಿ ವಾರಂಟಿಯ ಪ್ರಶ್ನೆ ಹಣದ್ದಷ್ಟೇ ಅಲ್ಲ, ಒಲೆಯ ಮುಂದೆ ನಿಲ್ಲುವವರ ಮುಖ, ಕೈಗಳದು.

ಬಡಿಗನ ಸಂಗಡ ಬರೆಯುವ ಕರಾರು

ಇದಕ್ಕೆ ವಕೀಲರು ಬೇಕಿಲ್ಲ. ಒಂದು ಹಾಳೆ, ಎರಡು ಸಹಿ, ತಾರೀಖು ಇದ್ದರೆ ಸಾಕು. ಹೀಗೆ ಬರೆಯಬಹುದು:

“ಕಟ್ಟೆಯ ಕೆಳಗಿನ ಪೆಟ್ಟಿಗೆಗಳಿಗೆಲ್ಲ ಐ.ಎಸ್. 710 ಗುರುತಿನ 18 ಮಿ.ಮೀ. ಪ್ಲೈವುಡ್ ಹಾಕತಕ್ಕದ್ದು. ಬಿಜಾಗರಿ ಮತ್ತು ಹಳಿಗಳು ಇಂಥ ಕಂಪನಿಯವು. ಕೆಲಸ ಮುಗಿಸಿ ಒಪ್ಪಿಸಿದ ದಿನದಿಂದ 2 ವರ್ಷದೊಳಗೆ ಹಲಗೆ ಉಬ್ಬಿದರೆ, ಮೈಕಾ ಬಿಟ್ಟರೆ, ಬಾಗಿಲು ಜೋತುಬಿದ್ದರೆ, ಟ್ರಾಲಿ ಬಿಗಿದರೆ, ತಿಳಿಸಿದ 15 ದಿನದೊಳಗೆ ಸಾಮಾನು ಮತ್ತು ಮಜೂರಿ ಎರಡನ್ನೂ ಕೇಳದೆ ಸರಿಪಡಿಸಿಕೊಡತಕ್ಕದ್ದು. ನಲ್ಲಿ ಸೋರಿ ಆದ ಹಾನಿಗೆ ಬಡಿಗನು ಹೊಣೆಯಲ್ಲ.”

ಕೊನೆಯ ವಾಕ್ಯವನ್ನು ಬೇಕೆಂದೇ ಸೇರಿಸಿದೆ. ನಮ್ಮ ವಾಚಕರಲ್ಲಿ ಅಡುಗೆಮನೆ ಮಾಡಿಸುವವರಿರುವಂತೆ ಮಾಡಿಕೊಡುವವರೂ ಇದ್ದಾರೆ. ಮರಗೆಲಸ, ಫರಸಿ ಕೆಲಸ, ನಲ್ಲಿ ಕೆಲಸಗಳಲ್ಲಿ ದುಡಿಯುವವರು ಬರೆದುಕೊಡಲು ಅಂಜುತ್ತಾರೆ. ಅಂಜಬೇಕಾದುದಿಲ್ಲ. ಬರೆದಿದ್ದರೆ ಒಪ್ಪಿದ್ದಕ್ಕಷ್ಟೇ ಹೊಣೆ; ಬರೆಯದಿದ್ದರೆ ಮನೆಯವರು ನೆನೆಸಿಕೊಂಡದ್ದಕ್ಕೆಲ್ಲ ಹೊಣೆ. ಒಳ್ಳೆಯ ಕೆಲಸಗಾರನಿಗೆ ಕಾಗದವೇ ಸಾಕ್ಷಿ.

ಚೀಟಿಯನ್ನು ಓದುವ ಬಗೆ

ಕಂಪನಿಗಳ ವಾರಂಟಿ ಚೀಟಿಯಲ್ಲಿ ದೊಡ್ಡ ಅಕ್ಷರ ಕೊಟ್ಟದ್ದನ್ನು ಹೇಳುತ್ತದೆ, ಸಣ್ಣ ಅಕ್ಷರ ಇಟ್ಟುಕೊಂಡದ್ದನ್ನು ಹೇಳುತ್ತದೆ. ಸಣ್ಣ ಅಕ್ಷರದಲ್ಲಿ ಮುಖ್ಯವಾಗಿ ನೋಡಬೇಕಾದ ಸಂಗತಿಗಳಿವು:

1. ಅವಧಿ ಎಂದಿನಿಂದ? ಕೊಂಡ ದಿನದಿಂದಲೋ, ಮನೆಯಲ್ಲಿ ಕೂಡಿಸಿದ ದಿನದಿಂದಲೋ? ಸ್ವಾಧೀನ ಸಿಗುವ ಮೊದಲೇ ಕಡಿಮೆ ಬೆಲೆಗೆ ಸಿಕ್ಕಿತೆಂದು ಚಿಮಣಿ ಕೊಂಡು ಎಂಟು ತಿಂಗಳು ಪೆಟ್ಟಿಗೆಯಲ್ಲೇ ಇಟ್ಟರೆ, ಒಂದು ವರ್ಷದ ವಾರಂಟಿಯಲ್ಲಿ ಎಂಟು ತಿಂಗಳು ಪೆಟ್ಟಿಗೆಯಲ್ಲೇ ಮುಗಿಯಬಹುದು.

2. ಯಾವ ಭಾಗಕ್ಕೆ? “5 ವರ್ಷ” ಎಂಬುದು ಮೋಟಾರಿಗೆ ಮಾತ್ರವಾಗಿ, ಉಳಿದುದಕ್ಕೆ ಒಂದೋ ಎರಡೋ ವರ್ಷವಿರುವುದುಂಟು. ಗಾಜು, ಪ್ಲಾಸ್ಟಿಕ್ಕು, ರಬ್ಬರು, ಜಾರು ಹೊರತಾಗಿರುವುದುಂಟು. ‘ಜೀವಾವಧಿ’ ಎಂದಿದ್ದರೆ ಅದು ನಮ್ಮ ಜೀವಾವಧಿಯಲ್ಲ. ಎಷ್ಟು ವರ್ಷವೆಂದು ಚೀಟಿಯಲ್ಲೇ ಹುಡುಕಬೇಕು.

3. ಬಿಡಿಭಾಗ ಮಾತ್ರವೋ, ಮಜೂರಿಯೂ ಸೇರಿದೆಯೋ? ಭಾಗ ಬಿಟ್ಟಿ, ಬಂದು ಹಾಕುವ ಖರ್ಚು ಗ್ರಾಹಕನದು ಎಂಬ ಷರತ್ತೂ ಇರುತ್ತದೆ.

4. ಯಾರು ಕೂಡಿಸಬೇಕು? ಕಂಪನಿಯ ಮನುಷ್ಯನೇ ಕೂಡಿಸತಕ್ಕದ್ದೆಂದು ಬರೆದಿದ್ದಾಗ, ಪರಿಚಯದ ಮಿಸ್ತ್ರಿಯ ಕೈಯಿಂದ ಕೂಡಿಸಿ ಇನ್ನೂರು ರೂಪಾಯಿ ಉಳಿಸಿದರೆ ವಾರಂಟಿಯನ್ನೇ ಕಳೆದುಕೊಳ್ಳಬಹುದು. ಹೊರಗಿನವರ ಕೈಯಿಂದ ಬಿಚ್ಚಿಸಿದರೂ ಇದೇ ಮಾತು.

5. “ಮನೆಬಳಕೆಗೆ ಮಾತ್ರ” ಎಂದಿದೆಯೇ? ಪುಣೆಯಲ್ಲಿ ನಮ್ಮ ಎಷ್ಟೋ ಹೆಣ್ಣುಮಕ್ಕಳು ಮನೆಯಲ್ಲೇ ಖಾನಾವಳಿ ನಡೆಸಿ, ಡಬ್ಬಿ ಕಳಿಸಿ ಸಂಸಾರ ತೂಗಿಸುತ್ತಾರೆ. ಮನೆಬಳಕೆಯ ಮಿಕ್ಸರಿನಲ್ಲಿ ಇಪ್ಪತ್ತು ಜನರ ಹಿಟ್ಟು ರುಬ್ಬಿದರೆ ಕಂಪನಿಯ ವಾರಂಟಿ ನಿಲ್ಲದಿರಬಹುದು. ಅಂಥವರು ಅಂಗಡಿಯಲ್ಲಿ ಉಪಯೋಗವನ್ನು ಬಿಚ್ಚಿ ಹೇಳಿ, ಆ ಕೆಲಸಕ್ಕೆ ತಕ್ಕದ್ದನ್ನೇ ಕೊಳ್ಳಬೇಕು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕಾಗಿಯೇ ಕೊಂಡ ವಸ್ತುವನ್ನು ಗ್ರಾಹಕ ಕಾಯ್ದೆ ವಾಣಿಜ್ಯದ್ದೆಂದು ಎಣಿಸುವುದಿಲ್ಲ. ಎಂದರೆ, ಗ್ರಾಹಕರೆಂದು ದೂರು ಕೊಡುವ ಹಕ್ಕು ಅವರಿಗೂ ಉಂಟು.

6. ಬೇರೆ ಊರಿನಲ್ಲಿ ನಡೆಯುತ್ತದೆಯೇ? ವರ್ಗವಾಗಿ ಹೋಗುವ ಗುಮಾಸ್ತರೂ, ಕೆಲಸ ಮುಗಿದು ಕಲಬುರಗಿಗೋ ವಿಜಯಪುರಕ್ಕೋ ಮರಳುವವರೂ ಅಲ್ಲಿ ಕಂಪನಿಯ ದುರಸ್ತಿ ಕೇಂದ್ರವಿದೆಯೇ ಎಂದು ಕೊಳ್ಳುವಾಗಲೇ ವಿಚಾರಿಸಬೇಕು. ಟ್ರಾಲಿಗಳನ್ನು ಕಳಚಿ ಇನ್ನೊಂದು ಮನೆಯಲ್ಲಿ ಹಾಕಿದರೆ ವಾರಂಟಿ ಮುಗಿಯಿತೆಂದು ಬರೆದಿರುವುದೂ ಉಂಟು. ಬಾಡಿಗೆ ಮನೆಯವರು ಇದನ್ನು ಹೆಚ್ಚಾಗಿ ಗಮನಿಸತಕ್ಕದ್ದು.

‘ಹೆಚ್ಚುವರಿ ವಾರಂಟಿ’ ಎಂದು ಬೇರೆ ಹಣಕ್ಕೆ ಮಾರುವುದೂ ಈಗ ರೂಢಿಯಾಗಿದೆ. ಅದನ್ನು ಕೊಡುವವರು ತಯಾರಕರೋ, ಅಂಗಡಿಯವರೋ, ಮೂರನೆಯವರೋ ಎಂದು ನೋಡಿ, ಆ ಹಣವನ್ನು ಒಂದು ಸಲದ ದುರಸ್ತಿಯ ಖರ್ಚಿನೊಡನೆ ತೂಗಿ ನೋಡಿ ತೀರ್ಮಾನಿಸಬೇಕು.

ಪಕ್ಕಾ ಬಿಲ್ಲು

“ಕಚ್ಚಾ ಬಿಲ್ಲು ಸಾಕೇ, ಪಕ್ಕಾ ಬಿಲ್ಲು ಬೇಕೇ? ಪಕ್ಕಾ ಆದರೆ ಟ್ಯಾಕ್ಸು ಬೀಳುತ್ತದೆ” ಎಂಬ ಮಾತು ಪೇಟೆಯಲ್ಲಿ ಹೊಸದಲ್ಲ. ಆ ತೆರಿಗೆಯ ಹಣ ಉಳಿಸಲು ಹೋದವರು ಕೊಂಡೆವೆಂಬ ರುಜುವಾತನ್ನೇ ಕಳೆದುಕೊಳ್ಳುತ್ತಾರೆ. ಬಿಲ್ಲಿಲ್ಲದ ವಾರಂಟಿ ಚೀಟಿಗೆ ಬೆಲೆ ಕಡಿಮೆ. ಬಿಲ್ಲು ಕೊಡದಿರುವುದನ್ನೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ವ್ಯಾಪಾರ ಪದ್ಧತಿಗಳಲ್ಲಿ ಎಣಿಸಿದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನದಲ್ಲಿ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದೂ ಅದೇ ಪಟ್ಟಿಯಲ್ಲಿದೆ. ಆದುದರಿಂದ ಬಿಲ್ಲಿನ ಅಡಿಯಲ್ಲಿ “ಒಮ್ಮೆ ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ” ಎಂದು ಮರಾಠಿಯಲ್ಲಿ ಅಚ್ಚಾಗಿರುವುದನ್ನು ಓದಿ ಎದೆಗುಂದಬೇಕಾಗಿಲ್ಲ. ಬಣ್ಣ ಹಿಡಿಸಲಿಲ್ಲವೆಂದು ಮರಳಿಸುವ ಹಕ್ಕು ನಮಗಿಲ್ಲ; ದೋಷವಿದ್ದರೆ ಆ ಒಂದು ಸಾಲು ಅಂಗಡಿಯವರನ್ನು ಕಾಯುವುದಿಲ್ಲ.

ಇನ್ನೊಂದು ಸಣ್ಣ ಮಾತು. ಈಗಿನ ಎಷ್ಟೋ ಬಿಲ್ಲುಗಳು ಶಾಖದ ಕಾಗದದ ಮೇಲೆ ಅಚ್ಚಾಗುತ್ತವೆ. ತಿಂಗಳುಗಳು ಕಳೆದಂತೆ ಅಕ್ಷರ ಮಾಸಿ ಬಿಳಿ ಹಾಳೆ ಉಳಿಯುತ್ತದೆ. ಕೊಂಡ ದಿನವೇ ಅದರ ಜೆರಾಕ್ಸು ಮಾಡಿಸಿ, ಫೋಟೋ ತೆಗೆದು, ವಾರಂಟಿ ಚೀಟಿಯೊಡನೆ ಇಡಬೇಕು. ಚೀಟಿಯ ಮೇಲೆ ಅಂಗಡಿಯ ಶಿಕ್ಕೆ, ತಾರೀಖು, ಯಂತ್ರದ ಕ್ರಮಸಂಖ್ಯೆ ಇವೆಯೇ ಎಂದು ಅಂಗಡಿಯಲ್ಲಿ ನಿಂತಾಗಲೇ ನೋಡಿಕೊಳ್ಳಬೇಕು.

ಕೆಟ್ಟಾಗ ಏನು ಮಾಡಬೇಕು?

ಮೊದಲು ಬಳಸುವುದನ್ನು ನಿಲ್ಲಿಸಿ ಫೋಟೋ ತೆಗೆಯಬೇಕು. ತಾವೇ ಬಿಚ್ಚಬಾರದು. ಕಂಪನಿಯ ಸಹಾಯವಾಣಿಗೆ ತಿಳಿಸಿ ದೂರಿನ ಸಂಖ್ಯೆ ಬರೆದುಕೊಳ್ಳಬೇಕು. ದುರಸ್ತಿಗೆ ಬಂದವರು ಪ್ರತಿ ಸಲವೂ ಏನು ದೋಷ, ಏನು ಮಾಡಿದೆವು ಎಂದು ಬರೆದುಕೊಡುವಂತೆ ಕೇಳಬೇಕು. ಮೂರು ಸಲ ಬಂದು ಹೋದರೂ ಕಾಗದವಿಲ್ಲದಿದ್ದರೆ ಒಂದು ಸಲವೂ ಬಂದಂತಲ್ಲ. ಅವಧಿ ಮುಗಿಯುವ ಮೊದಲೇ ದೂರನ್ನು ಬರವಣಿಗೆಯಲ್ಲಿ ಕೊಡುವುದು ಎಲ್ಲಕ್ಕಿಂತ ಮುಖ್ಯ. ಆನ್‌ಲೈನಿನಲ್ಲಿ ಕೊಂಡಿದ್ದರೆ, 2020ರ ನಿಯಮಗಳಂತೆ ಆ ತಾಣದ ದೂರು ಅಧಿಕಾರಿ 48 ತಾಸಿನೊಳಗೆ ದೂರು ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಅದನ್ನು ಇತ್ಯರ್ಥ ಮಾಡಬೇಕು.

ಇದರಿಂದ ಕೆಲಸವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು. ಮರಾಠಿ ಸರಾಗವಾಗಿ ಬಾರದೆ ಅಂಗಡಿಯಲ್ಲಿ ಮಾತು ಸೋತು ಬಂದವರಿಗೆ ಇದು ಸಣ್ಣ ಅನುಕೂಲವಲ್ಲ.

ಕೊನೆಯ ಬಾಗಿಲು ಜಿಲ್ಲಾ ಗ್ರಾಹಕ ಆಯೋಗ. 1986ರ ಹಳೆಯ ಕಾಯ್ದೆಯ ಬದಲಿಗೆ 2019ರ ಕಾಯ್ದೆಯು 2020ರ ಜುಲೈ 20ರಿಂದ ಜಾರಿಗೆ ಬಂದಿತು. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ದೂರು ಜಿಲ್ಲಾ ಆಯೋಗಕ್ಕೆ ಹೋಗುತ್ತದೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರಿಲ್ಲದೆ ತಾವೇ ವಾದಿಸಬಹುದು. ಇ-ಜಾಗೃತಿ ಎಂಬ ಸರಕಾರಿ ತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಸಲ್ಲಿಸತಕ್ಕದ್ದು. ದೋಷ ತೆಗೆಸುವುದು, ವಸ್ತು ಬದಲಿಸುವುದು, ಹಣ ಮರಳಿಸುವುದು, ನಷ್ಟ ತುಂಬಿಸುವುದು ಇವೆಲ್ಲವನ್ನೂ ಆಯೋಗವು ಆದೇಶಿಸಬಲ್ಲದು.

ಹೊಸ ಕಾಯ್ದೆ ಪರಊರಿನಲ್ಲಿರುವವರಿಗೆ ಒಂದು ದೊಡ್ಡ ಉಪಕಾರ ಮಾಡಿದೆ. ಮೊದಲು ಮಾರಿದವನು ಇರುವಲ್ಲಿಗೆ, ಇಲ್ಲವೆ ವ್ಯವಹಾರ ನಡೆದಲ್ಲಿಗೆ ಹೋಗಿ ದೂರು ಕೊಡಬೇಕಾಗಿತ್ತು. ಈಗ ದೂರು ಕೊಡುವವನು ವಾಸಿಸುವ ಅಥವಾ ದುಡಿಯುವ ಊರಿನಲ್ಲಿಯೇ ಕೊಡಬಹುದು. ಹಬ್ಬಕ್ಕೆ ಊರಿಗೆ ಹೋದಾಗ ಸೊಲ್ಲಾಪುರದಲ್ಲೋ ವಿಜಯಪುರದಲ್ಲೋ ಕೊಂಡು ತಂದ ಮಿಕ್ಸರಿಗೆ ಬಿಬವೇವಾಡಿಯವರು ಪುಣೆಯಲ್ಲಿಯೇ ನ್ಯಾಯ ಕೇಳಬಹುದು. ಕೂಲಿ ಬಿಟ್ಟು ಬಸ್ಸು ಹತ್ತಬೇಕಾಗಿಲ್ಲ.

ಈ ಹಕ್ಕುಗಳು ತಾವಾಗಿ ಬಂದವಲ್ಲ. ಬಿಂದುಮಾಧವ ಜೋಶಿಯವರು 1974ರಲ್ಲಿ ಗ್ರಾಹಕ ಪಂಚಾಯತನ್ನು ಹುಟ್ಟುಹಾಕಿದ್ದು ಇದೇ ಪುಣೆಯಲ್ಲಿ. ದೇಶದಲ್ಲಿ ಗ್ರಾಹಕ ಕಾಯ್ದೆ ಬಂದದ್ದು ಅದಾದ ಹನ್ನೆರಡು ವರ್ಷಗಳ ಮೇಲೆ. ಸಾಮಾನ್ಯ ಜನ ಬಿಲ್ಲು ಹಿಡಿದು ಪ್ರಶ್ನೆ ಕೇಳಿದ್ದರಿಂದಲೇ ಕಾಯ್ದೆ ಹುಟ್ಟಿತು. ಕೇಳುತ್ತಿರುವುದರಿಂದಲೇ ಅದು ಬದುಕಿದೆ.

ಕಡೆಯದಾಗಿ ಒಂದು ವಿನಂತಿ. ವಾರಂಟಿ ಚೀಟಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಹೊಸ ಒಲೆಯನ್ನೋ ಕುಕ್ಕರನ್ನೋ ಕೊಂಡ ಎಷ್ಟೋ ಜನರಿಗೆ ಅದು ಓದಲು ಬರುವುದಿಲ್ಲ. ವಾಚನಾಲಯಕ್ಕೆ ಬರುವ ಗುಮಾಸ್ತ ಬಂಧುಗಳು, ಪಕ್ಕದಲ್ಲಿ ಕುಳಿತ ಕೂಲಿಯಣ್ಣನ ಕೈಯಲ್ಲಿರುವ ಅಂಥ ಚೀಟಿಯನ್ನು ಐದು ನಿಮಿಷ ಓದಿ ಹೇಳಿದರೆ, ಕೊಂಡ ಒಂದು ವಾರದೊಳಗೇ ಅದರ ತಾರೀಖು, ಶಿಕ್ಕೆ, ಷರತ್ತುಗಳನ್ನು ತೋರಿಸಿಕೊಟ್ಟರೆ, ಆತನ ಒಂದು ತಿಂಗಳ ದುಡಿಮೆ ಉಳಿದೀತು.